ಹೇಳುವ ವಿದ್ಯೆಯೂ ಒಬ್ಬ ಪುಸ್ತಕ ಕಟ್ಟುವ ಹುಡುಗನೂ

ನಮ್ಮಲ್ಲಿ ಓದು ಬರೆಹ ಬಲ್ಲವರಿಗೆ ಈಗ ಕೊರತೆಯಿಲ್ಲ. ಬರೆದು ತಿಳಿಸಬಲ್ಲವರಿಗೆ ಮಾತ್ರ ಕೊರತೆ ಉಂಟು. ಹಿಂದೆ ಊರಿನಿಂದ ಬರುತ್ತಿದ್ದ ಕಾಗದಗಳನ್ನು ಹಿರಿಯರು ನೆನೆಸಿಕೊಳ್ಳಬಹುದು. ಕ್ಷೇಮಸಮಾಚಾರ, ಮಳೆ ಬೆಳೆ, ನೆಂಟರ ಬರವು ಹೋಕು ಎಲ್ಲವೂ ನಾಲ್ಕು ಪುಟಗಳಲ್ಲಿ ಮುಗಿದ ಮೇಲೆ, ಅಂಚಿನಲ್ಲಿ ಅಡ್ಡಲಾಗಿ ತುರುಕಿದ ಒಂದು ಸಾಲಿನಲ್ಲಿ ತಂದೆಯವರಿಗೆ ಎಂಟು ದಿನದಿಂದ ಜ್ವರ ಎಂಬ ಸುದ್ದಿಯಿರುತ್ತಿತ್ತು. ಕಾಗದದ ಕಾಲ ಹೋಗಿ ಕೈಯಲ್ಲಿ ಹಿಡಿಯುವ ದೂರವಾಣಿಯ ಕಾಲ ಬಂದರೂ ಈ ಅಭ್ಯಾಸವು ಬಿಟ್ಟಿಲ್ಲ. ವೈದ್ಯರ ಮುಂದೆ ಕುಳಿತು ಕಾಲು ಗಂಟೆ ಮಾತನಾಡಿದ ರೋಗಿಯು, ಎದ್ದು ಬಾಗಿಲ ಬಳಿಗೆ ಹೋದ ಮೇಲೆ ತಿರುಗಿ ನಿಂತು, “ಎದೆಯಲ್ಲಿ ಆಗಾಗ ಹಿಡಿದಂತಾಗುತ್ತದೆ, ಅದನ್ನು ಹೇಳಲು ಮರೆತೆ” ಎನ್ನುವುದನ್ನು ಯಾವ ವೈದ್ಯರನ್ನು ಕೇಳಿದರೂ ಹೇಳಿಯಾರು. ಮುಖ್ಯವಾದುದು ಕಡೆಗೆ ಬರುತ್ತದೆ; ಒಮ್ಮೊಮ್ಮೆ ಬರುವುದೇ ಇಲ್ಲ. ಇದರಿಂದ ಆಗುವ ನಷ್ಟವು ಸಣ್ಣದಲ್ಲ. ಕೆಲಸ ಬಲ್ಲವನು ತನ್ನ ಕೆಲಸವನ್ನು ಹೇಳಲಾರದೆ ಹಿಂದುಳಿಯುತ್ತಾನೆ. ನ್ಯಾಯವು ತನ್ನ ಕಡೆಗಿದ್ದವನ ಅರ್ಜಿಯು ಅರ್ಥವಾಗದೆ ಕಡತದಲ್ಲಿ ಮಲಗುತ್ತದೆ.

ಇದಕ್ಕೆ ನಾವು ಕೊಟ್ಟುಕೊಳ್ಳುವ ಸಮಾಧಾನವೆಂದರೆ, ಮಾತಿನ ಶಕ್ತಿಯು ಸರಸ್ವತಿಯ ವರವೆಂಬುದು. ಕೆಲವರಿಗೆ ಹುಟ್ಟುತ್ತಲೇ ಬಂದಿರುತ್ತದೆ, ನಮಗೆ ಬಂದಿಲ್ಲ. ಮಹಾಕಾವ್ಯವನ್ನು ಬರೆಯುವ ಮಾತಾದರೆ ಇದನ್ನು ಒಪ್ಪಬಹುದು. ಆದರೆ ಒಂದು ವಿಷಯವನ್ನು ಕೇಳುವವರಿಗೆ ತಿಳಿಯುವಂತೆ, ಕೇಳಬೇಕೆನಿಸುವಂತೆ ಹೇಳುವುದು ವರವಲ್ಲ, ಕಸಬು. ಬಡಗಿಯ ಕೆಲಸದಂತೆ, ಹೊಲಿಗೆಯಂತೆ, ಅದಕ್ಕೆ ಉಪಕರಣಗಳುಂಟು, ಅಭ್ಯಾಸ ಕ್ರಮವುಂಟು, ತಪ್ಪು ತೋರಿಸುವ ಇನ್ನೊಬ್ಬನ ಕಣ್ಣು ಬೇಕು. ಈ ಮಾತಿಗೆ ನಿದರ್ಶನವಾಗಿ ಲಂಡನ್ನಿನಲ್ಲಿ ಬೆಳೆದ ಒಬ್ಬ ಕಮ್ಮಾರನ ಮಗನ ವೃತ್ತಾಂತವನ್ನು ವಾಚಕರ ಮುಂದಿಡುತ್ತೇನೆ. ವಿದ್ಯುಚ್ಛಕ್ತಿಯ ಇತಿಹಾಸದಲ್ಲಿ ಅವನ ಹೆಸರನ್ನು ಎಲ್ಲರೂ ಕೇಳಿರುವರು. ಅವನು ಹೇಳಲು ಕಲಿತ ಬಗೆಯನ್ನು ಕೇಳಿರುವವರು ಕಡಿಮೆ.

ಮೈಕೆಲ್ ಫ್ಯಾರಡೆಯು 1791ರಲ್ಲಿ ಹುಟ್ಟಿದನು. ಶಾಲೆಯಲ್ಲಿ ಕಲಿತುದು ಓದು, ಬರೆಹ, ಸ್ವಲ್ಪ ಲೆಕ್ಕ, ಇಷ್ಟೇ. ಬಾಲ್ಯದಲ್ಲಿ ರಕಾರವೂ ಅವನ ಬಾಯಲ್ಲಿ ಸರಿಯಾಗಿ ಹೊರಳುತ್ತಿರಲಿಲ್ಲವಂತೆ. ಹದಿನಾಲ್ಕನೆಯ ವಯಸ್ಸಿನಲ್ಲಿ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯಲ್ಲಿ ಪುಸ್ತಕ ಕಟ್ಟುವ ಕೆಲಸವನ್ನು ಕಲಿಯಲು ಏಳು ವರ್ಷದ ಕರಾರಿನ ಮೇಲೆ ಸೇರಿದನು. ಹೊಲಿಯುವುದಕ್ಕೆ ಬಂದ ಪುಸ್ತಕಗಳನ್ನು ಹೊಲಿಯುವುದಕ್ಕೆ ಮುಂಚೆ ಓದುವ ಚಪಲವು ಅವನಿಗಿದ್ದಿತು. ಹಾಗೆ ಓದಿದವುಗಳಲ್ಲಿ ಒಂದು, ಜೇನ್ ಮಾರ್ಸೆಟ್ ಎಂಬ ಗೃಹಿಣಿಯು 1806ರಲ್ಲಿ ತನ್ನ ಹೆಸರು ಹಾಕದೆ ಪ್ರಕಟಿಸಿದ ರಸಾಯನಶಾಸ್ತ್ರದ ಸಂಭಾಷಣೆಗಳು. ಒಬ್ಬ ಉಪಾಧ್ಯಾಯಿನಿಯೂ ಇಬ್ಬರು ಹುಡುಗಿಯರೂ ಕುಳಿತು ಮಾತನಾಡುವ ರೂಪದಲ್ಲಿ ಆಕೆ ಶಾಸ್ತ್ರವನ್ನು ಹೇಳಿದ್ದಳು. ಹುಡುಗಿಯರಲ್ಲಿ ಒಬ್ಬಳು ಶ್ರದ್ಧೆಯವಳು. ಇನ್ನೊಬ್ಬಳು ತುಂಟಿ, ಬೇಸರವಾದರೆ ಬೇಸರವೆಂದು ಹೇಳಿಬಿಡುವಳು. ಓದುವವನಿಗೆ ಎಲ್ಲಿ ಸಂದೇಹ ಹುಟ್ಟುವುದೋ ಅಲ್ಲಿಯೇ ಆ ಹುಡುಗಿಯರಿಗೂ ಹುಟ್ಟುವುದು. ಫ್ಯಾರಡೆಯು ದೊಡ್ಡವನಾದ ಮೇಲೆ ತನ್ನ ಶಾಸ್ತ್ರೀಯ ಲೇಖನಗಳನ್ನು ಆಕೆಗೆ ಗುರುದಕ್ಷಿಣೆಯಂತೆ ಕಳುಹಿಸುತ್ತಿದ್ದನು. ಈ ಪುಸ್ತಕದಿಂದ ಅವನು ರಸಾಯನಶಾಸ್ತ್ರವನ್ನು ಮಾತ್ರವೇ ಕಲಿತನೆಂದು ನನಗೆ ತೋರುವುದಿಲ್ಲ. ಕೇಳುವವನ ಪ್ರಶ್ನೆಯು ಹೇಳುವವನ ದಾರಿಯನ್ನು ನಿರ್ಣಯಿಸಬೇಕೆಂಬುದು ಅಲ್ಲಿ ಪುಟಪುಟಕ್ಕೂ ಕಾಣುತ್ತದೆ.

1812ರ ವಸಂತದಲ್ಲಿ ಅಂಗಡಿಗೆ ಬರುತ್ತಿದ್ದ ಒಬ್ಬ ಗಿರಾಕಿಯು ಅವನಿಗೆ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ ಸರ್ ಹಂಫ್ರಿ ಡೇವಿಯು ಕೊಡುತ್ತಿದ್ದ ಉಪನ್ಯಾಸಗಳಿಗೆ ಟಿಕೆಟ್ಟುಗಳನ್ನು ಕೊಡಿಸಿದನು. ಅವನು ನಾಲ್ಕು ಉಪನ್ಯಾಸಗಳನ್ನು ಕೇಳಿದನು. ಕೇಳಿದ ಬಗೆಯನ್ನು ಗಮನಿಸಬೇಕು. ಉಪನ್ಯಾಸ ನಡೆಯುವಾಗ ಎಲ್ಲವನ್ನೂ ಬರೆದುಕೊಳ್ಳಲು ಅವನು ಹೋಗಲಿಲ್ಲ. ಮುಖ್ಯವಾದ ಪದಗಳು, ಚಿಕ್ಕದಾದರೂ ತೂಕವುಳ್ಳ ವಾಕ್ಯಗಳು, ಪ್ರಯೋಗಗಳ ಹೆಸರು, ದ್ರವ್ಯಗಳ ಹೆಸರು, ಇಷ್ಟನ್ನು ಮಾತ್ರ ಗುರುತು ಹಾಕಿಕೊಂಡನು. ಮನೆಗೆ ಬಂದು, ನೆನಪು ಬಿಸಿಯಾಗಿರುವಾಗಲೇ, ಆ ಗುರುತುಗಳ ನಡುವೆ ಸಂಬಂಧವನ್ನು ತುಂಬಿ ಎರಡನೆಯ ಸಲ ಬರೆದನು. ಅದನ್ನು ಮುಂದಿಟ್ಟುಕೊಂಡು ಮೂರನೆಯ ಸಲ ಇಡೀ ಉಪನ್ಯಾಸವನ್ನು ಬೆಳೆಸಿದನು. ಉಪಕರಣಗಳ ಚಿತ್ರಗಳನ್ನು ತಾನೇ ಬರೆದನು; ಚಿತ್ರ ಬರೆಯುವುದನ್ನು, ರೀಬೋವಿನ ಮನೆಯಲ್ಲಿ ಬಾಡಿಗೆಗಿದ್ದ ಫ್ರೆಂಚ್ ಮೂಲದ ಚಿತ್ರಕಾರನಿಂದ ಕಲಿತಿದ್ದನು. ಮುನ್ನೂರಕ್ಕೆ ಮಿಕ್ಕ ಪುಟಗಳಾದುವು. ಅವನ್ನು ತಾನೇ ಹೊಲಿದು ಕಟ್ಟಿದನು.

ಮೊದಲು ಅವನು ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಸರ್ ಜೋಸೆಫ್ ಬ್ಯಾಂಕ್ಸನಿಗೆ, ವಿಜ್ಞಾನದ ಯಾವುದಾದರೊಂದು ಸಣ್ಣ ಕೆಲಸ ಬೇಕೆಂದು ಕಾಗದ ಬರೆದಿದ್ದನು, ಉತ್ತರ ಬರಲಿಲ್ಲ. 1812ರ ಡಿಸೆಂಬರಿನಲ್ಲಿ ಡೇವಿಗೆ ಬರೆದಾಗ ಕಾಗದದೊಡನೆ ಆ ಕಟ್ಟಿದ ಪುಸ್ತಕವನ್ನೂ ಕಳುಹಿಸಿದನು. ಡೇವಿಯ ಉತ್ತರವು ಆ ತಿಂಗಳ 24ನೆಯ ತಾರೀಖಿನಲ್ಲಿಯೇ ಹೊರಟಿತು. ಮುಂದಿನ ಮಾರ್ಚಿಯಲ್ಲಿ ಅವನಿಗೆ ಪ್ರಯೋಗಶಾಲೆಯ ಸಹಾಯಕನ ಕೆಲಸವು ದೊರೆಯಿತು. ವಾರಕ್ಕೆ 25 ಷಿಲ್ಲಿಂಗು, ಮಹಡಿಯ ಮೇಲೆ ಎರಡು ಕೊಠಡಿ, ಸೌದೆ, ಮೇಣದ ಬತ್ತಿ. ಉದ್ಯೋಗಕ್ಕೆ ಅರ್ಜಿ ಹಾಕುವ ಯುವಕರಿಗೆ ನಾನು ಈ ಭಾಗವನ್ನು ಎರಡು ಸಲ ಓದಲು ಹೇಳುವೆನು. ಒಂದು ಕಾಗದದಲ್ಲಿ ಹುಡುಗನು ತನಗೆ ಆಸೆಯಿದೆಯೆಂದು ಹೇಳಿದ್ದನು. ಇನ್ನೊಂದರಲ್ಲಿ ಆಸೆಯ ಮಾತಿನ ಜೊತೆಗೆ ಕೆಲಸವೇ ಹೋಗಿತ್ತು. ತಾನು ಶ್ರದ್ಧಾವಂತ, ಪರಿಶ್ರಮಿ, ಚುರುಕು ಬುದ್ಧಿಯವನು ಎಂದು ಅರ್ಜಿಯಲ್ಲಿ ಬರೆದುಕೊಳ್ಳದವರು ಯಾರು? ಆ ಮಾತುಗಳು ಎಲ್ಲರ ಅರ್ಜಿಯಲ್ಲಿಯೂ ಇರುವುದರಿಂದ ಯಾರ ಅರ್ಜಿಯಲ್ಲಿಯೂ ಇಲ್ಲದಂತೆಯೇ ಸರಿ. ತಾನು ಮಾಡಿದ ಒಂದು ಲೆಕ್ಕ, ನಡೆಸಿದ ಒಂದು ಕಾರ್ಯ, ಅದರ ತಾರೀಖು, ಅದರ ಪರಿಣಾಮ, ಇವುಗಳಲ್ಲಿ ಯಾವುದಾದರೂ ಒಂದಿದ್ದರೆ ಓದುವ ಅಧಿಕಾರಿಯ ಬೆರಳು ಅಲ್ಲಿ ನಿಲ್ಲುತ್ತದೆ.

ಇಲ್ಲಿಗೆ ಹುಡುಗನ ಅದೃಷ್ಟವು ಖುಲಾಯಿಸಿತು. ಆದರೆ ಅವನಿಗೆ ಮಾತನಾಡಲು ಇನ್ನೂ ಬರುತ್ತಿರಲಿಲ್ಲ. ಅದು ಅವನಿಗೆ ತಿಳಿದಿತ್ತು. ಲಂಡನ್ನಿನಲ್ಲಿ ಆಗ ಕೆಲಸಗಾರ ಯುವಕರು ಸೇರಿ ವಿದ್ಯೆ ಕಲಿಯಲು ಮಾಡಿಕೊಂಡಿದ್ದ ಒಂದು ಸಂಘವಿತ್ತು. ಅಲ್ಲಿನ ಐದಾರು ಗೆಳೆಯರು ವಾರದಲ್ಲಿ ಒಂದು ಸಂಜೆ ಒಟ್ಟಿಗೆ ಕುಳಿತು, ಒಬ್ಬೊಬ್ಬರಾಗಿ ಗಟ್ಟಿಯಾಗಿ ಓದುವುದು, ಉಳಿದವರು ಉಚ್ಚಾರಣೆಯನ್ನೂ ವಾಕ್ಯರಚನೆಯನ್ನೂ ತಿದ್ದುವುದು, ಹೀಗೆ ಕೆಲವು ವರ್ಷಗಳ ಪರ್ಯಂತ ನಡೆಸಿದರು. ದಾಕ್ಷಿಣ್ಯವಿರಲಿಲ್ಲ, ಟೀಕೆಯು ಮುಚ್ಚುಮರೆಯಿಲ್ಲದೆ ಇರುತ್ತಿತ್ತೆಂದು ಅವನೇ ಹೇಳಿದ್ದಾನೆ. ಮುಂದೆ 1818ರಲ್ಲಿ, ಸ್ಮಾರ್ಟ್ ಎಂಬ ವಾಕ್ಶಿಕ್ಷಕನ ಪಾಠಗಳಿಗೆ ಹೋದನು. ತಾನೇ ಪ್ರಸಿದ್ಧ ಉಪನ್ಯಾಸಕನಾದ ಮೇಲೂ, ಅದೇ ಸ್ಮಾರ್ಟನನ್ನು ತನ್ನ ಉಪನ್ಯಾಸಗಳಿಗೆ ಕರೆಸಿ, ಸಭಿಕರ ನಡುವೆ ಕೂರಿಸಿ, ದೋಷಗಳನ್ನು ಗುರುತಿಸಿ ಹೇಳಬೇಕೆಂದು ಕೇಳಿಕೊಂಡನು. ಹೆಸರು ಬಂದ ಮೇಲೆ ತಿದ್ದಿಸಿಕೊಳ್ಳುವವರು ವಿರಳ. ನಮ್ಮ ಸಂಗೀತಗಾರರಲ್ಲಿ ಕೆಲವರು ಮುಪ್ಪಿನಲ್ಲಿಯೂ ಮನೆಯಲ್ಲಿ ಶ್ರುತಿಪೆಟ್ಟಿಗೆಯೊಡನೆ ಸರಳೆ ವರಸೆಗೆ ಕೂರುತ್ತಾರೆ. ಭಾಷಣಕಾರರಲ್ಲಿ ಅಂಥವರನ್ನು ನಾನು ಕಂಡಿಲ್ಲ.

ಅವನು ಬಳಸಿದ ಉಪಕರಣಗಳಲ್ಲಿ ನನಗೆ ಬಹಳ ಪ್ರಿಯವಾದುದು ಒಂದು ರಟ್ಟಿನ ಚೀಟಿ. ಉತ್ಸಾಹ ಬಂದಾಗ ಅವನ ಮಾತಿನ ವೇಗವು ಹೆಚ್ಚುತ್ತಿತ್ತು. ಆದುದರಿಂದ “ನಿಧಾನ” ಎಂದು ದೊಡ್ಡ ಅಕ್ಷರಗಳಲ್ಲಿ ಬರೆದ ಒಂದು ಚೀಟಿಯನ್ನು ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳುತ್ತಿದ್ದನು. ಅದನ್ನು ಮರೆತು ಓಡತೊಡಗಿದರೆ, ಅವನ ಸಹಾಯಕನಾದ ಆ್ಯಂಡರ್ಸನನು ಚೀಟಿಯನ್ನು ತಂದು ಮುಂದೆ ಹಿಡಿಯಬೇಕೆಂದು ಅಪ್ಪಣೆಯಿತ್ತು. ಗಂಟೆಯು ತುಂಬುತ್ತ ಬಂದಾಗ “ಸಮಯ” ಎಂಬ ಇನ್ನೊಂದು ಚೀಟಿಯು ಬರುತ್ತಿತ್ತು. ಸಾವಿರ ಜನರೆದುರಿಗೆ ಯಜಮಾನನಿಗೆ ಆಳು ಚೀಟಿ ತೋರಿಸುವುದೆಂದರೆ ಮರ್ಯಾದೆಗೆ ಕುಂದೆಂದು ಅವನಿಗೆ ತೋರಲಿಲ್ಲ. ನಮ್ಮ ಸಭೆಗಳಲ್ಲಿ ಅಧ್ಯಕ್ಷರು ಚೀಟಿ ಕಳುಹಿಸಿದರೆ, ಭಾಷಣಕಾರರು ಅದನ್ನು ಓದಿ, ಮಡಿಸಿ ಜೇಬಿಗೆ ಹಾಕಿಕೊಂಡು, “ಇನ್ನೊಂದೇ ಮಾತು” ಎಂದು ಅರ್ಧ ಗಂಟೆ ಮುಂದುವರಿಸುವುದನ್ನು ನೋಡಿದವರಿಗೆ ಆ್ಯಂಡರ್ಸನನ ಬೆಲೆ ತಿಳಿದೀತು.

ಪ್ರಯೋಗಶಾಲೆಗೆ ಸೇರಿದ ಕೆಲವೇ ತಿಂಗಳಲ್ಲಿ, 1813ರ ಜೂನ್ ತಿಂಗಳಲ್ಲಿ, ಅವನು ತನ್ನ ಗೆಳೆಯ ಆ್ಯಬಟ್ಟನಿಗೆ ಉಪನ್ಯಾಸ ಕಲೆಯ ವಿಷಯವಾಗಿ ಸಾಲಾಗಿ ಕಾಗದಗಳನ್ನು ಬರೆದನು. ಆಗ ಅವನಿಗೆ 21 ವರ್ಷ; ಒಂದು ಉಪನ್ಯಾಸವನ್ನೂ ಕೊಟ್ಟಿರಲಿಲ್ಲ. ಮೊದಲನೆಯದನ್ನು ಕೊಟ್ಟುದು 1816ರ ಜನವರಿಯಲ್ಲಿ. ಆದರೆ ಉಪಕರಣಗಳನ್ನು ಹಿಡಿದು ಮೇಜಿನ ಪಕ್ಕದಲ್ಲಿ ನಿಂತವನಿಗೆ ಕಾಣುವುದು ಬೆಂಚಿನ ಮೇಲೆ ಕುಳಿತವನಿಗೂ ಕಾಣದು, ಮಾತನಾಡುವವನಿಗೂ ಕಾಣದು. ಸಭಾಗೃಹದಲ್ಲಿ ಗಾಳಿಯಾಡುವುದೇ, ಎಲ್ಲರಿಗೂ ಮೇಜು ಕಾಣುವುದೇ ಎಂಬಲ್ಲಿಂದ ಅವನ ವಿಚಾರವು ಆರಂಭವಾಗುತ್ತದೆ. ಉಸಿರುಗಟ್ಟಿದವನಿಗೆ ಉಪನಿಷತ್ತೂ ರುಚಿಸದಷ್ಟೆ. ಒಂದು ಗಂಟೆಗಿಂತ ಹೆಚ್ಚು ಹೊತ್ತು ಮಾತನಾಡಬಾರದು. ಮೊದಲಲ್ಲಿಯೇ ತನ್ನ ಅಯೋಗ್ಯತೆಗೆ ಕ್ಷಮೆ ಬೇಡಬಾರದು. ಮೇಜಿಗೆ ಅಂಟಿಕೊಂಡು ನಿಲ್ಲಬಾರದು. ಹಾಗೆಂದು ಕೈಕಾಲು ಬೀಸುತ್ತಲೂ ಇರಬಾರದು. ಚಪ್ಪಾಳೆಗಾಗಿ ಕೈಯೊಡ್ಡುವಷ್ಟು ಕೆಳಗಿಳಿಯಬಾರದು. ಆರಂಭದಲ್ಲಿಯೇ ಆಸಕ್ತಿಯ ದೀಪವನ್ನು ಹಚ್ಚಿ, ಅದು ಕಡೆಯವರೆಗೆ ಕುಂದದಂತೆ ನೋಡಿಕೊಳ್ಳಬೇಕು. ತೋರಿಸುವ ಪ್ರಯೋಗವು ಹೇಳುವ ವಿಷಯಕ್ಕೆ ಸಂಬಂಧಪಟ್ಟಿರಬೇಕು, ಮತ್ತು ಎಲ್ಲರಿಗೂ ಕಾಣಬೇಕು. ಈಗ ಕಚೇರಿಗಳಲ್ಲಿಯೂ ಕಾಲೇಜುಗಳಲ್ಲಿಯೂ ಪರದೆಯ ಮೇಲೆ ಬೆಳಕಿನಿಂದ ಬರೆಹವನ್ನು ಮೂಡಿಸಿ ಮಾತನಾಡುವ ಪದ್ಧತಿಯಿದೆ. ಮಾತನಾಡುವವನು ಸಭಿಕರಿಗೆ ಬೆನ್ನು ತೋರಿಸಿ ಪರದೆಯಲ್ಲಿರುವುದನ್ನೇ ಓದುತ್ತಾನೆ. ಸಭಿಕರು ಅವನಿಗಿಂತ ಮುಂಚೆ ಓದಿ ಮುಗಿಸಿ, ಅವನು ಬಂದು ಸೇರುವುದನ್ನು ಕಾಯುತ್ತಾರೆ. ಪರದೆಯ ಮೇಲೆ ಚಿತ್ರವಿದ್ದರೆ, ನಕ್ಷೆಯಿದ್ದರೆ, ಅಂಕಿಗಳ ಏರಿಳಿತವನ್ನು ತೋರಿಸುವ ಗೆರೆಯಿದ್ದರೆ ಅದು ಫ್ಯಾರಡೆಯ ಮೇಜಿನ ಮೇಲಿನ ಪ್ರಯೋಗಕ್ಕೆ ಸಮಾನ. ಬಾಯಿಯಿಂದ ಬರಬೇಕಾದ ವಾಕ್ಯಗಳೇ ಅಲ್ಲಿದ್ದರೆ, ಒಂದೋ ಪರದೆ ದಂಡ, ಇಲ್ಲವೇ ಭಾಷಣಕಾರನು ದಂಡ.

ಬರೆಹದ ಅಭ್ಯಾಸಕ್ಕೆ ಇನ್ನೊಬ್ಬ ಕಸಬಿನ ಹುಡುಗನ ಉಪಾಯವನ್ನು ಇಲ್ಲಿ ಸೇರಿಸುವೆನು. ಫ್ಯಾರಡೆಗಿಂತ ಸುಮಾರು ಒಂದು ಶತಮಾನ ಹಿಂದಿನವನು, ಅಮೆರಿಕದ ಬಾಸ್ಟನ್ ನಗರದವನು. ಬೆಂಜಮಿನ್ ಫ್ರಾಂಕ್ಲಿನನು ಅಣ್ಣನ ಅಚ್ಚುಕೂಟದಲ್ಲಿ ಮೊಳೆ ಜೋಡಿಸುತ್ತಿದ್ದಾಗ, ಗೆಳೆಯನೊಬ್ಬನೊಡನೆ ಕಾಗದಗಳ ಮೂಲಕ ಒಂದು ವಾದವನ್ನು ನಡೆಸಿದನು. ಕಾಗದಗಳು ತಂದೆಯ ಕೈಗೆ ಸಿಕ್ಕಿದುವು. ತಂದೆಯು ವಾದದ ವಿಷಯಕ್ಕೆ ಹೋಗದೆ, ಕಾಗುಣಿತದಲ್ಲಿಯೂ ವಿರಾಮ ಚಿಹ್ನೆಗಳಲ್ಲಿಯೂ ನೀನು ಮೇಲು, ಆದರೆ ಸೊಗಸು, ಕ್ರಮ, ಸ್ಪಷ್ಟತೆ ಇವುಗಳಲ್ಲಿ ಅವನು ನಿನಗಿಂತ ಮೇಲೆಂದು ಸಾಲು ಸಾಲಾಗಿ ತೋರಿಸಿದನು. ಹುಡುಗನು ಸಿಟ್ಟಾಗಲಿಲ್ಲ. ಲಂಡನ್ನಿನ ಸ್ಪೆಕ್ಟೇಟರ್ ಪತ್ರಿಕೆಯ ಒಂದು ಸಂಪುಟವನ್ನು ಕೊಂಡು, ಅದರ ಪ್ರಬಂಧಗಳಲ್ಲಿ ಒಂದೊಂದನ್ನು ತೆಗೆದುಕೊಂಡು, ಪ್ರತಿ ವಾಕ್ಯದ ಭಾವಕ್ಕೂ ಒಂದು ಸಣ್ಣ ಗುರುತು ಬರೆದುಕೊಂಡನು. ಕೆಲವು ದಿನ ಬಿಟ್ಟು, ಪುಸ್ತಕವನ್ನು ನೋಡದೆ, ಗುರುತುಗಳಿಂದ ಪ್ರಬಂಧವನ್ನು ತನ್ನ ಮಾತಿನಲ್ಲಿ ಮತ್ತೆ ಕಟ್ಟಿದನು. ಆಮೇಲೆ ಮೂಲದೊಡನೆ ಹೋಲಿಸಿ ತಪ್ಪುಗಳನ್ನು ತಿದ್ದಿದನು. ಒಮ್ಮೊಮ್ಮೆ ಗುರುತಿನ ಚೀಟಿಗಳನ್ನು ಬೇಕೆಂದೇ ಕಲಸಿ, ಕೆಲವು ವಾರಗಳ ಮೇಲೆ ಅವುಗಳನ್ನು ಸರಿಯಾದ ಅನುಕ್ರಮಕ್ಕೆ ತರಲು ಯತ್ನಿಸಿದನು. ಶಬ್ದಸಂಪತ್ತು ಬೆಳೆಯಲೆಂದು ಕಥೆಗಳನ್ನು ಪದ್ಯಕ್ಕೆ ತಿರುಗಿಸಿ, ಮರೆತ ಮೇಲೆ ಮತ್ತೆ ಗದ್ಯಕ್ಕೆ ತಿರುಗಿಸಿದನು. ಹದಿನಾರನೆಯ ವಯಸ್ಸಿನಲ್ಲಿ, 1722ರಲ್ಲಿ, ಒಬ್ಬ ವಿಧವೆಯ ಹೆಸರಿನಿಂದ ಲೇಖನವೊಂದನ್ನು ಬರೆದು, ರಾತ್ರಿಯಲ್ಲಿ ಅಣ್ಣನ ಅಚ್ಚುಕೂಟದ ಬಾಗಿಲ ಕೆಳಗೆ ತೂರಿಸಿದನು. ಅಣ್ಣನೂ ಗೆಳೆಯರೂ ಓದಿ ಮೆಚ್ಚಿ ಅಚ್ಚು ಹಾಕಿದರು. ಹದಿನಾಲ್ಕು ಲೇಖನಗಳು ಹಾಗೆ ಬಂದುವು.

ಈ ಅಭ್ಯಾಸಗಳಲ್ಲಿ ಚೀಟಿಗಳನ್ನು ಕಲಸಿ ಜೋಡಿಸುವುದೇ ಶ್ರೇಷ್ಠವೆಂದು ನನ್ನ ಅಭಿಪ್ರಾಯ. ಅದೇಕೆಂದರೆ ನಮ್ಮ ಬರೆಹದ ರೋಗವು ಬಹುಮಟ್ಟಿಗೆ ಶಬ್ದದ ರೋಗವಲ್ಲ, ಅನುಕ್ರಮದ ರೋಗ. ಕನ್ನಡದಲ್ಲಿಯೇ ಇದನ್ನು ಮಾಡಿ ನೋಡಬಹುದು. ಡಿ. ವಿ. ಗುಂಡಪ್ಪನವರ, ಎ. ಎನ್. ಮೂರ್ತಿರಾಯರ ಗದ್ಯದಲ್ಲಿ ಯಾವ ಪುಟವನ್ನಾದರೂ ತೆಗೆದುಕೊಂಡು, ವಾಕ್ಯಕ್ಕೊಂದು ಚೀಟಿ ಮಾಡಿ, ಹದಿನೈದು ದಿನ ಪೆಟ್ಟಿಗೆಯಲ್ಲಿಟ್ಟು ಮತ್ತೆ ತೆಗೆಯಿರಿ. ಯಾವ ವಾಕ್ಯವು ಯಾವುದರ ಹಿಂದೆ ಏಕೆ ಬರಬೇಕೆಂಬುದು ಒಂದು ತಿಂಗಳಲ್ಲಿ ಕೈಗೆ ಹತ್ತುತ್ತದೆ. ಮನೆಯ ಮಕ್ಕಳಿಗೂ ಇದನ್ನು ಆಟವಾಗಿ ಆಡಿಸಬಹುದು. ಕಾಗೆ ಗುಬ್ಬಿಯ ಕಥೆಯನ್ನು ಎಂಟು ಚೀಟಿ ಮಾಡಿ ಚೆಲ್ಲಿದರೆ ಸಾಕು.

ಅನುಕ್ರಮದ ರೋಗವು ಅರ್ಜಿಯಲ್ಲಿ ಎದ್ದು ಕಾಣುವಷ್ಟು ಬೇರೆಲ್ಲಿಯೂ ಕಾಣದು. ನಮ್ಮ ಕಡೆಯ ಅರ್ಜಿಯ ಮಾದರಿಯು ಸಾಮಾನ್ಯವಾಗಿ ಹೀಗಿರುತ್ತದೆ: “ಈ ಕೆಳಗೆ ಸಹಿ ಮಾಡಿರುವ ನಾನು ತಮ್ಮಲ್ಲಿ ಸವಿನಯವಾಗಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾವು ಬಹುಕಾಲದಿಂದ ಈ ಬೀದಿಯ ವಾಸಿಗಳಾಗಿದ್ದು, ಕಾಲಕಾಲಕ್ಕೆ ತೆರಿಗೆಯನ್ನು ಸಲ್ಲಿಸುತ್ತ ಬಂದಿರುವವರಾಗಿಯೂ, ಇತ್ತೀಚೆಗೆ ನೀರಿನ ವಿಷಯದಲ್ಲಿ ನಮಗೆ ವರ್ಣಿಸಲಸದಳವಾದ ತೊಂದರೆಯುಂಟಾಗಿರುವುದರಿಂದ, ತಾವು ದಯಮಾಡಿ ಯೋಗ್ಯ ಕ್ರಮವನ್ನು ಕೈಗೊಳ್ಳಬೇಕಾಗಿ ಪ್ರಾರ್ಥನೆ.” ಇದನ್ನು ಓದಿದ ಅಧಿಕಾರಿಗೆ ದಯೆ ಹುಟ್ಟಿದರೂ ಅದನ್ನು ಎಲ್ಲಿಗೆ ಕಳುಹಿಸಬೇಕೆಂದು ತಿಳಿಯದು. ಇದನ್ನೇ ಹೀಗೆ ಬರೆಯಬಹುದು: “ನಮ್ಮ ಬೀದಿಯ ಹನ್ನೊಂದು ಮನೆಗಳಿಗೆ ಒಂಬತ್ತು ದಿನಗಳಿಂದ ನಲ್ಲಿಯ ನೀರು ಬಂದಿಲ್ಲ. ಬೀದಿಯ ತುದಿಯಲ್ಲಿ, ಅರಳಿಕಟ್ಟೆಯ ಬಳಿ, ಕೊಳವೆಯು ಒಡೆದು ನೀರು ಚರಂಡಿಗೆ ಹರಿಯುತ್ತಿದೆ. ಅದನ್ನು ದುರಸ್ತಿ ಮಾಡಿಸಿ, ಅಲ್ಲಿಯವರೆಗೆ ದಿನಕ್ಕೊಂದು ಟ್ಯಾಂಕರ್ ನೀರನ್ನು ಕಳುಹಿಸಬೇಕೆಂದು ಕೋರುತ್ತೇನೆ.” ವಿನಯವು ಕಡಿಮೆಯಾಗಲಿಲ್ಲ, ಎಷ್ಟು ಮನೆ, ಎಷ್ಟು ದಿನ, ಎಲ್ಲಿ, ಏನು ಬೇಕು, ಇವು ಬಂದುವು. ವೈದ್ಯರ ಬಳಿಗೆ ಹೋಗುವ ಮುಂಚೆಯೂ ಇಂತಹ ನಾಲ್ಕು ಸಾಲನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ನೋವು ಎಲ್ಲಿ, ಎಂದಿನಿಂದ, ಯಾವಾಗ ಹೆಚ್ಚು, ಈಗ ತೆಗೆದುಕೊಳ್ಳುತ್ತಿರುವ ಔಷಧಿ ಯಾವುದು. ಮುದುಕರನ್ನು ಕರೆದೊಯ್ಯುವ ಮನೆಯವರಂತೂ ಇದನ್ನು ತಪ್ಪಿಸಬಾರದು.

ಶಬ್ದದ ರೋಗವೂ ಇಲ್ಲದಿಲ್ಲ. ಮುಳುಗುಂದದ ನಯಸೇನನು 1112ರಲ್ಲಿ ಧರ್ಮಾಮೃತವನ್ನು ಬರೆಯುವಾಗಲೇ, ಕನ್ನಡದಲ್ಲಿ ಬರೆಯುತ್ತೇವೆಂದು ಹೊರಟು ಸಲ್ಲದ ಸಂಸ್ಕೃತವನ್ನು ತುರುಕುವವರನ್ನು ಕಂಡು, ತುಪ್ಪವನ್ನೂ ಎಣ್ಣೆಯನ್ನೂ ಬೆರಸುವುದು ತಕ್ಕುದೇ ಎಂದು ಕೇಳಿದ್ದಾನೆ. ಈಗ ಸಂಸ್ಕೃತದ ಜಾಗಕ್ಕೆ ಇಂಗ್ಲಿಷ್ ಬಂದಿದೆ. ಫ್ಯಾರಡೆಗೆ ಹೊಸ ಶಬ್ದಗಳು ಬೇಕಾದಾಗ ತಾನೇ ಹೊಸೆಯದೆ, 1834ರಲ್ಲಿ ಕೇಂಬ್ರಿಡ್ಜಿನ ವಿದ್ವಾಂಸ ಹ್ಯೂವೆಲನನ್ನು ಕೇಳಿದನು. ಆ್ಯನೋಡ್, ಕ್ಯಾಥೋಡ್, ಅಯಾನ್ ಎಂಬ ಶಬ್ದಗಳು ಹಾಗೆ ಬಂದುವು. ಆದರೆ ಅದೇ ಹ್ಯೂವೆಲನು ಮುಂದೆ ಭೌತಶಾಸ್ತ್ರಜ್ಞನಿಗೆ ಫಿಸಿಸಿಸ್ಟ್ ಎಂಬ ಹೆಸರನ್ನು ಸೂಚಿಸಿದಾಗ ಫ್ಯಾರಡೆಯು ಅದನ್ನು ಒಪ್ಪಲಿಲ್ಲ; ಒಂದೇ ಶಬ್ದದಲ್ಲಿ ಇಕಾರವು ಮೂರು ಸಲ ಬಂದರೆ ನಾಲಗೆಗೆ ಕಷ್ಟವೆಂಬುದು ಅವನ ಆಕ್ಷೇಪಣೆ. ಶಬ್ದವನ್ನು ನಾಲಗೆಯ ಮೇಲಿಟ್ಟು ನೋಡಿಯೇ ಕೊಳ್ಳುವ ಅಭ್ಯಾಸವು ಬರೆದುದನ್ನು ಗಟ್ಟಿಯಾಗಿ ಓದಿಕೊಳ್ಳುವವರಿಗೆ ಮಾತ್ರ ಬರುತ್ತದೆ. ಬರೆದ ಕಾಗದವನ್ನು ಕಳುಹಿಸುವ ಮುಂಚೆ ಮನೆಯಲ್ಲಿ ಯಾರಿಗಾದರೂ ಓದಿ ಹೇಳಿ. ಎಲ್ಲಿ ಉಸಿರು ಸಾಲದೋ ಅಲ್ಲಿ ವಾಕ್ಯವು ಉದ್ದವಾಗಿದೆ. ಎಲ್ಲಿ ಕೇಳುವವರು “ಯಾರು?” ಎಂದು ಕೇಳುವರೋ ಅಲ್ಲಿ ಕರ್ತೃವು ಕಳೆದುಹೋಗಿದೆ.

ನಡುವಯಸ್ಸಿಗೇ ಫ್ಯಾರಡೆಯ ನೆನಪಿನ ಶಕ್ತಿಯು ಕುಂದತೊಡಗಿತು. ಅದಕ್ಕೆ ಮೊದಲೇ ಅವನು ಒಂದು ಉಪಾಯವನ್ನು ಹಿಡಿದಿದ್ದನು. 1832ರಿಂದ ಪ್ರಯೋಗಗಳ ದಿನಚರಿಯ ಪ್ರತಿ ಪರಿಚ್ಛೇದಕ್ಕೂ ಒಂದು ಅಂಕಿಯನ್ನು ಹಾಕುತ್ತ ಬಂದನು. 1860ರ ಹೊತ್ತಿಗೆ ಅದು 16041ನ್ನು ಮುಟ್ಟಿತ್ತು. ಹಿಂದಿನ ಮಾತು ಬೇಕಾದಾಗ ಅಂಕಿಯನ್ನು ಬರೆದರಾಯಿತು. ಮನೆವಾರ್ತೆಯ ಲೆಕ್ಕವನ್ನೋ, ದಾವೆಯ ಕಾಗದಪತ್ರಗಳನ್ನೋ, ಮಗಳ ಮದುವೆಯ ಏರ್ಪಾಡನ್ನೋ ಬರೆದಿಡುವವರಿಗೆ ಇದು ಬಹಳ ಉಪಯೋಗವಾದೀತು.

ಇನ್ನು ಕಥೆ ಹೇಳುವುದು. ನಮ್ಮ ಅಜ್ಜಿಯರು ಕಥೆಯನ್ನು ಆರಂಭಿಸುವ ಮುಂಚೆ, ಕೇಳುವವರು ಹೂಂಗುಟ್ಟಬೇಕೆಂದು ಕರಾರು ಮಾಡಿಕೊಳ್ಳುತ್ತಿದ್ದರು. ಹೂಂಕಾರವು ನಿಂತರೆ ಮಗು ಮಲಗಿತೆಂದೋ, ಕಥೆಯು ದಾರಿ ತಪ್ಪಿತೆಂದೋ ತಿಳಿಯುತ್ತಿತ್ತು. ಇದು ಆ್ಯಂಡರ್ಸನನ ಚೀಟಿಗಿಂತಲೂ ಹಳೆಯ ಉಪಕರಣ. ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸಗಳು 1825ರಲ್ಲಿ ಆರಂಭವಾದುವು. ಎರಡನೆಯ ಮಹಾಯುದ್ಧದ ನಡುವೆ 1939ರಿಂದ 1942ರವರೆಗೆ ನಿಂತುದನ್ನು ಬಿಟ್ಟರೆ ಅವು ಇಂದಿಗೂ ನಡೆಯುತ್ತಿವೆ. ಫ್ಯಾರಡೆಯು 1827ರಿಂದ 1860ರವರೆಗೆ ಹತ್ತೊಂಬತ್ತು ವರ್ಷಗಳ ಉಪನ್ಯಾಸಗಳನ್ನು ಕೊಟ್ಟನು. ಅವುಗಳಲ್ಲಿ ಪ್ರಸಿದ್ಧವಾದುದು ಒಂದು ಮೇಣದ ಬತ್ತಿಯ ಮೇಲಿನ ಆರು ಉಪನ್ಯಾಸಗಳು. ಅಣು, ದ್ರವ್ಯ, ವಾಯು ಎಂದು ಶಾಸ್ತ್ರದ ಕ್ರಮದಲ್ಲಿ ಹೊರಟಿದ್ದರೆ ಮಕ್ಕಳ ಹೂಂಕಾರವು ಕಾಲು ಗಂಟೆಯಲ್ಲಿ ನಿಂತುಹೋಗುತ್ತಿತ್ತು. ಅವನು ಎಲ್ಲರ ಮನೆಯಲ್ಲಿರುವ ಬತ್ತಿಯನ್ನು ಕೈಗೆತ್ತಿಕೊಂಡನು. ಜಪಾನಿನ ಬತ್ತಿಗಳನ್ನು ತೋರಿಸಿದನು. 1782ರಲ್ಲಿ ಮುಳುಗಿದ ರಾಯಲ್ ಜಾರ್ಜ್ ಎಂಬ ಯುದ್ಧನೌಕೆಯಿಂದ ಎತ್ತಿ ತಂದ, ಬಹುಕಾಲ ಉಪ್ಪು ನೀರಿನಲ್ಲಿದ್ದ ಒಂದು ಬತ್ತಿಯನ್ನು ತೋರಿಸಿ, ಅದೂ ಉರಿಯುತ್ತದೆಂದು ಕಾಣಿಸಿದನು. ಯಾವ ಮಗುವು ಇದನ್ನು ಕೇಳಿ ಮುಂದಕ್ಕೆ ಬಾಗುವುದಿಲ್ಲ?

ಆ ಮೇಲೆ ಒಂದೊಂದೇ ಪ್ರಶ್ನೆ. ಬತ್ತಿಯ ತುದಿಯಲ್ಲಿ ಬಟ್ಟಲಿನಂತೆ ತಗ್ಗು ಏಕೆ ಆಗುತ್ತದೆ? ಮೇಲೇರುವ ಗಾಳಿಯು ಅಂಚನ್ನು ತಂಪಾಗಿಡುವುದರಿಂದ. ಕರಗಿದ ಮೇಣವು ತಾನಾಗಿ ಮೇಲಕ್ಕೆ ಹೇಗೆ ಹತ್ತುತ್ತದೆ? ಕೈತೊಳೆದ ನೀರಿನ ಬೋಗುಣಿಯ ಅಂಚಿಗೆ ವಸ್ತ್ರವನ್ನು ಹಾಕಿ ಮರೆತರೆ ನೀರು ವಸ್ತ್ರವನ್ನು ಹತ್ತಿ ಹೊರಗೆ ತೊಟ್ಟಿಕ್ಕುವುದಲ್ಲವೇ, ಹಾಗೆ. ಉರಿಯುವುದು ಮೇಣವೋ, ಮೇಣದ ಆವಿಯೋ? ಹೀಗೆ ಒಂದು ಉತ್ತರದಿಂದ ಮುಂದಿನ ಪ್ರಶ್ನೆಯು ಹುಟ್ಟುತ್ತ, ಜ್ವಾಲೆಯಿಂದ ನೀರು, ನೀರಿನಿಂದ ಜಲಜನಕ, ಗಾಳಿಯಿಂದ ಆಮ್ಲಜನಕ, ಹೊಗೆಯಿಂದ ಇಂಗಾಲ ಎಂದು ನಡೆದು, ಆರನೆಯ ದಿನ, ಉಸಿರಾಡುವ ನಮ್ಮ ದೇಹದೊಳಗೂ ಬತ್ತಿಯು ಉರಿಯುವಂತಹ ಕೆಲಸವೇ ನಡೆಯುತ್ತಿದೆಯೆಂಬಲ್ಲಿಗೆ ಮುಟ್ಟಿತು. ಕೇಳಿದ ಮಕ್ಕಳಿಗೆ ತಾವು ರಸಾಯನಶಾಸ್ತ್ರವನ್ನು ಕಲಿತೆವೆಂದು ತಿಳಿದುದು ಕಲಿತಾದ ಮೇಲೆ. 1860-61ರಲ್ಲಿ ಈ ಉಪನ್ಯಾಸಗಳನ್ನು ಎರಡನೆಯ ಸಲ ಕೊಟ್ಟಾಗ ವಿಲಿಯಂ ಕ್ರೂಕ್ಸನು ಅವನ್ನು ಸಂಪಾದಿಸಿ 1861ರಲ್ಲಿ ಪ್ರಕಟಿಸಿದನು. ಆ ಪುಸ್ತಕವು ಇಂದಿಗೂ ಅಚ್ಚಾಗುತ್ತಿದೆ.

ಅವುಗಳಲ್ಲಿ ಒಂದು ಪ್ರಯೋಗವನ್ನು, ದೀಪ ಹೋದ ಯಾವುದಾದರೂ ಸಂಜೆ, ಹಿರಿಯರು ಪಕ್ಕದಲ್ಲಿದ್ದು ಮನೆಯಲ್ಲಿ ಮಾಡಬಹುದು. ಗಾಳಿಯಾಡದ ಕೋಣೆಯಲ್ಲಿ ಮೇಣದ ಬತ್ತಿಯನ್ನು ಸ್ವಲ್ಪ ಹೊತ್ತು ಚೆನ್ನಾಗಿ ಉರಿಯಲು ಬಿಟ್ಟು, ಮೆಲ್ಲನೆ ಊದಿ ಆರಿಸಬೇಕು. ಬಿಳಿಯ ಹೊಗೆಯು ಎಳೆಯಾಗಿ ಮೇಲೇಳುತ್ತದೆ. ಕೂಡಲೆ ಉರಿಯುವ ಕಡ್ಡಿಯೊಂದನ್ನು ಬತ್ತಿಗೆ ಮುಟ್ಟಿಸದೆ, ಎರಡು ಮೂರು ಅಂಗುಲ ಮೇಲೆ, ಆ ಹೊಗೆಯ ಎಳೆಗೆ ಹಿಡಿಯಬೇಕು. ಬೆಂಕಿಯು ಎಳೆಯ ಮೂಲಕ ಕೆಳಕ್ಕೆ ಹಾರಿ ಬತ್ತಿಯನ್ನು ಹಚ್ಚುತ್ತದೆ. ಏನೂ ವಿವರಿಸದೆ ಇದನ್ನು ಒಂದು ಸಲ ಮಾಡಿ ತೋರಿಸಿ, ಎರಡನೆಯ ಸಲ ಕಡ್ಡಿಯನ್ನು ಮಗುವಿನ ಕೈಗೆ ಕೊಡಿ. ಉರಿಯುವುದು ಮೇಣದ ಆವಿಯೆಂಬ ಮಾತನ್ನು, “ಇದು ಹೇಗೆ?” ಎಂದು ಅದು ತಾನೇ ಕೇಳುವವರೆಗೆ ತಡೆದಿಟ್ಟುಕೊಳ್ಳಿ.